ಕಡವಿನಬಾರೆಯ ಬೇಟೆ ಬಡಿತ

1937ರ ಜೂನ್ ತಿಂಗಳಲ್ಲಿ ನನ್ನನ್ನು ಹಾಸನದಿಂದ ಅರಕಲಗೂಡಿಗೆ ರೇಂಜ್ ಫಾರೆಸ್ಟ್ ಆಫೀಸರ್ ಎಂದು ವರ್ಗ ಮಾಡಿದರು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಕೊಯಮತ್ತೂರಿನಲ್ಲಿ ಎರಡು ವರ್ಷ ತರಬೇತಿ ಮುಗಿಸಿ ಬಂದಿದ್ದೆ. ಕಾಡಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇ ಇಲ್ಲ ಎನ್ನುವ ಜಂಬ, ಮೂಗಿನ ತುದಿಯಲ್ಲಿ ಸಿಟ್ಟು, ಎರಡೂ ನನ್ನ ಜೊತೆಯಲ್ಲೇ ಅರಕಲಗೂಡಿಗೆ ಬಂದವು. ನಮ್ಮೂರು ಚನ್ನರಾಯಪಟ್ಟಣದ ಕಡೆ ಹಿರೀಸಾವೆ. ನಮ್ಮದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಶಿವಾಚಾರದ ಮನೆ, ಮಾಂಸ ಮುಟ್ಟದವರು. ಈ ಮಾತು ಇಲ್ಲೇಕೆ ಎನ್ನಬೇಡಿ, ಮುಂದೆ ಬೇಕಾಗುತ್ತದೆ.

ನನ್ನ ರೇಂಜಿನಲ್ಲಿ ನನಗೆ ತಲೆನೋವು ತಂದದ್ದು ಕಡವಿನಬಾರೆ ಎಂಬ ಗುಡ್ಡಗಾಡು. ರಾಮನಾಥಪುರದ ದಾರಿಯಲ್ಲಿ ಎಡಕ್ಕೆ ತಿರುಗಿ ಐದು ಮೈಲಿ ನಡೆದರೆ ಸಿಗುತ್ತಿತ್ತು. ಸುಮಾರು ಎರಡು ಸಾವಿರ ಎಕರೆ. ದೊಡ್ಡ ಮರಗಳು ಕಡಿಮೆ. ದಿಂಡಿಗ, ಕಮರ, ಬಂದರೆ ಗಿಡ, ಅವುಗಳ ನಡುವೆ ಎದೆಯೆತ್ತರ ಬಾದೆ ಹುಲ್ಲು. ಜನವರಿ ಕಳೆಯುತ್ತಲೇ ಆ ಹುಲ್ಲು ಒಣಗಿ ಗರಿಗರಿ ಆಗುತ್ತಿತ್ತು. ಅಲ್ಲಿಂದ ಮೊದಲ ಮಳೆ ಬೀಳುವವರೆಗಿನ ಮೂರು ತಿಂಗಳನ್ನು ನಮ್ಮ ಇಲಾಖೆಯವರು 'ಫೈರ್ ಸೀಸನ್' ಎನ್ನುತ್ತಿದ್ದರು. ಊರವರು ಬೆಂಕಿ ಕಾಲ ಎನ್ನುತ್ತಿದ್ದರು.

ಗುಡ್ಡದ ಬಡಗಣ ಬುಡದಲ್ಲಿ ಬಾರೆಹಳ್ಳಿ ಎಂಬ ದೊಡ್ಡ ಊರು. ಕಾಡಿನ ಗೇಟೂ, ನಾನು ಬೆಂಕಿ ಕಾಲದಲ್ಲಿ ಮೊಕ್ಕಾಂ ಮಾಡುತ್ತಿದ್ದ ಚೌಕಿಯೂ ಅಲ್ಲೇ. ಪಡುವಣ ಬುಡದಲ್ಲಿ, ಗೇಟಿನಿಂದ ಒಂದು ಮೈಲಿ ಗಾಡಿ ದಾರಿಯಲ್ಲಿ, ಹತ್ತೊಂಬತ್ತು ಮನೆಗಳ ಒಂದು ಕೊಪ್ಪಲು. ಅಷ್ಟೂ ಬಾದೆ ಹುಲ್ಲು ಹೊದಿಸಿದ ಮನೆಗಳು. ಪ್ರತಿ ಮನೆಯ ಗೋಡೆಗೆ ಆತುಕೊಂಡಂತೆ ಒಂದೊಂದು ಹುಲ್ಲಿನ ಬಣವೆ. ಕಾಡಿಗೂ ಕೊಪ್ಪಲಿಗೂ ನಡುವೆ ಇದ್ದದ್ದು ಮೂರು ಫರ್ಲಾಂಗ್ ಅಗಲದ ಗೋಮಾಳ, ಅಲ್ಲೂ ಅದೇ ಹುಲ್ಲು.

ಕಾಡಿನ ಗಡಿಗುಂಟ ಮೂವತ್ತು ಅಡಿ ಅಗಲಕ್ಕೆ ಹುಲ್ಲು ಕೊಯ್ದು, ಒಣಗಿಸಿ, ನಾವೇ ಹತೋಟಿಯಲ್ಲಿ ಸುಟ್ಟು ಬೋಳು ಮಾಡುವ ಪಟ್ಟಿಗೆ 'ಫೈರ್ ಲೈನ್' ಎಂದು ಹೆಸರು. ಬೆಂಕಿ ಬಂದರೆ ಅಲ್ಲಿ ಉರಿಯಲು ಏನೂ ಸಿಗದೆ ನಿಲ್ಲಬೇಕು, ಅದು ಲೆಕ್ಕಾಚಾರ. ಆದರೆ ಗಾಳಿ ಜೋರಿದ್ದರೆ ಕಿಡಿ ಮೂವತ್ತು ಅಡಿ ಹಾರದೆ ಇರುತ್ತದೆಯೇ? ಗೋಮಾಳದಲ್ಲಿ, ಕೊಪ್ಪಲಿನ ಮುಂದೆ, ಇನ್ನೊಂದು ಲೈನ್ ಬೇಕೇ ಬೇಕು ಎಂದು ನವೆಂಬರಿನಲ್ಲೇ ಮೇಲಿನ ಕಚೇರಿಗೆ ಬರೆದೆ. ಜನವರಿಯಲ್ಲಿ ಉತ್ತರ ಬಂತು: ಗೋಮಾಳ ಕಾಡಿನ ಗಡಿಯ ಆಚೆಗಿದೆ, ಆದ್ದರಿಂದ ಅದು ರೆವಿನ್ಯೂ ಇಲಾಖೆಯವರ ವಿಷಯ. ತಾಲ್ಲೂಕು ಕಚೇರಿಗೆ ಬರೆದೆ. ಬೆಂಕಿ ಬರುವುದು ಕಾಡಿನಿಂದ, ಆದ್ದರಿಂದ ಅದು ಫಾರೆಸ್ಟ್ ಇಲಾಖೆಯವರ ವಿಷಯ ಎಂದು ಅಲ್ಲಿಂದ ಬಂತು. ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದೆ. ಎರಡರ ಅಕ್ಷರವೂ ಬಹಳ ಮುದ್ದಾಗಿತ್ತು. ಹಾಳಾಗಿ ಹೋಗಲಿ ಎಂದು ಟೇಬಲ್ ಗುದ್ದಿದ್ದಕ್ಕೆ ಮಸಿ ಕುಡಿಕೆ ಉರುಳಿ ನನ್ನ ಪಂಚೆಯೇ ಹಾಳಾಯಿತು.

ಇನ್ನು ಕೊಪ್ಪಲಿನವರಾದರೂ ಮಾತು ಕೇಳುತ್ತಾರೇನೋ ಎಂದು ಅಲ್ಲಿಗೆ ಹೋದೆ. ಗುಡ್ಡಕ್ಕೆ ಎಲ್ಲರಿಗಿಂತ ಹತ್ತಿರದ ಮನೆ ನಮ್ಮ ಫೈರ್ ವಾಚರ್ ಕಾಳಯ್ಯನದು. ಬೆಂಕಿ ಕಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಕೂತು ಹೊಗೆ ಕಾಯುವುದು ಅವನ ಕೆಲಸ. ನಲವತ್ತರ ಆಸುಪಾಸು, ಒಣಕಲು ಆಳು, ಸುತ್ತ ಏಳೂರಿಗೆ ತಮಟೆ ಬಾರಿಸುವವನು. ಮನೆಯಲ್ಲಿ ಅವನ ತಾಯಿ ಪುಟ್ಟಮ್ಮ, ಹೆಂಡತಿ, ಒಂದು ಹಸು. ಮುದುಕಿಗೆ ಮಂಡಿ ಹಿಡಿದುಕೊಂಡಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಆದರೆ ಕೈ ಗಟ್ಟಿ. ಆಕೆ ಕಟ್ಟಿದ ರಾಗಿಮುದ್ದೆಗೆ ಒಂದು ಸೀಳೂ ಇರುವುದಿಲ್ಲವೆಂದು ಕೊಪ್ಪಲಿನವರು ಹೇಳುತ್ತಿದ್ದರು.

"ಅಜ್ಜಿ, ಈ ಬಣವೆಯನ್ನು ಮನೆಯಿಂದ ನೂರು ಹೆಜ್ಜೆ ಆಚೆಗೆ ಹಾಕಿಸಬೇಕು," ಎಂದೆ.

"ಆಚ್ಗೆ ಆಕಿಸ್ತೀನಿ ಬುದ್ದಿ. ಕಂಡೋರ್ ದನ ಬಂದು ತಿನ್ನಕಿಲ್ವ? ನೀವೇನ್ ಬಂದು ಕಾಯ್ತೀರಾ ನನ್ನಪ್ಪಾ?"

"ಬೆಂಕಿ ಬಿದ್ದರೆ?"

"ನಿಮ್ ಕಾಡ್ನಾಗೆ ಬೀಳ್ದಂಗೆ ನೋಡ್ಕಳಿ," ಎಂದಳು. ಸುತ್ತ ನಿಂತವರು ಕಿಸಕ್ಕೆಂದರು. ಹತ್ತೊಂಬತ್ತು ಮನೆಗೂ ಹೋದೆ, ಹತ್ತೊಂಬತ್ತು ಬಗೆಯ ಉತ್ತರ ಸಿಕ್ಕಿತು, ಒಂದು ಬಣವೆಯೂ ಅಲ್ಲಾಡಲಿಲ್ಲ. ಇವರ ಹಣೆಬರಹ ಎಂದುಕೊಂಡು ವಾಪಸು ಬಂದೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಲೈನೂ ಇಲ್ಲ, ಬಣವೆಯೂ ಹೋಗುವುದಿಲ್ಲ. ಉಳಿದದ್ದು ಜನ. ಕಾಡಿನಲ್ಲಿ ಮೇವು, ಸೌದೆಯ ಹಕ್ಕು ಇದ್ದ ಊರಿನವರು ಬೆಂಕಿ ಬಿದ್ದರೆ ಆರಿಸಲು ಬರಲೇಬೇಕೆಂದು ಕಾನೂನು ಇತ್ತು. ಬರುವುದೇನೋ ಸರಿ, ಅವರಿಗೆ ಗೊತ್ತಾಗುವುದು ಹೇಗೆ? ಆಗ ಅಲ್ಲಿ ಟೆಲಿಫೋನ್ ಎಲ್ಲಿಂದ ಬರಬೇಕು. ಹೊಗೆ ಕಂಡ ಕೂಡಲೇ ಕಾಳಯ್ಯ ನೆತ್ತಿಯ ಮೇಲಿಂದ ತಮಟೆ ಬಾರಿಸಬೇಕು, ಕೇಳಿದವರೆಲ್ಲ ಮಚ್ಚು ಹಿಡಿದು ಗೇಟಿಗೆ ಓಡಿ ಬರಬೇಕು, ಅಲ್ಲಿಂದ ನಾನು ಅವರನ್ನು ಬೆಂಕಿಯ ಕಡೆಗೆ ಒಯ್ಯಬೇಕು. ಇದು ನಾನು ಮಾಡಿದ ಏರ್ಪಾಟು. ತಮಟೆ ಕಾಯದೆ ಸದ್ದು ಬರುವುದಿಲ್ಲ, ಕಾಯಿಸಲು ಬೆಂಕಿ ಹಾಕಬೇಕು, ಬೆಂಕಿ ಕಾಲದಲ್ಲಿ ಗುಡ್ಡದ ಮೇಲೆ ಬೆಂಕಿ ಹಾಕಿದರೆ ನಾನೇ ಅವನ ಮೇಲೆ ಕೇಸು ಹಾಕಬೇಕು. ಇದಕ್ಕೂ ಕಾಳಯ್ಯನೇ ದಾರಿ ಹೇಳಿದ: ನೆತ್ತಿಯ ಬೋಳು ಬಂಡೆಯ ಮೇಲೆ ಬಿಸಿಲಿಗೆ ಮಲಗಿಸಿಟ್ಟರೆ ತಮಟೆ ತಾನೇ ಬಿಗಿಯುತ್ತದೆ.

ಆಮೇಲೆ ನಾನು ಕೇಳಿದ ಪ್ರಶ್ನೆ, ಅವನು ಕೊಟ್ಟ ಉತ್ತರ, ಎರಡೂ ಅಕ್ಷರಕ್ಕೆ ಅಕ್ಷರ ನೆನಪಿವೆ.

"ಯಾವ ಬಡಿತಕ್ಕೆ ಜನ ಎಲ್ಲಕ್ಕಿಂತ ಬೇಗ ಓಡಿ ಬರುತ್ತಾರೆ ಕಾಳಯ್ಯ?"

"ಅದಾ? ಬ್ಯಾಟೆ ಬಡತಕ್ಕೆ ಸಾ. ಉಣ್ತಾ ಕುಂತೋನೂ ಕೈ ತೊಳೀದೆ ಎದ್ ಬತ್ತನೆ."

"ಹಾಗಾದರೆ ಅದನ್ನೇ ಬಾರಿಸು."

ಅವನು ತಲೆ ಕೆರೆದುಕೊಂಡ. ಪಕ್ಕದಲ್ಲಿದ್ದ ಗಾರ್ಡ್ ಮುನಿಯಪ್ಪನ ಮುಖ ನೋಡಿದ. ಮುನಿಯಪ್ಪ ಗುಡ್ಡ ನೋಡಿದ.

"ಆದ್ರೆ ಸಾ..." ಎಂದ ಕಾಳಯ್ಯ.

"ಆದರೆ ಗೀದರೆ ಏನೂ ಬೇಡ. ಹೇಳಿದಷ್ಟು ಮಾಡು. ಜನ ಬಂದು ಸೇರುವವರೆಗೆ ಬಡಿತ ನಿಲ್ಲಕೂಡದು, ನೀನು ನೆತ್ತಿ ಬಿಟ್ಟು ಇಳಿಯಕೂಡದು, ತಿಳಿಯಿತೇ?"

"ಆಯ್ತು ಸಾ."

ಫೆಬ್ರುವರಿಯಲ್ಲಿ ಒಂದು ದಿನ ಸುಮ್ಮನೆ ಪರೀಕ್ಷೆಗೆಂದು ಬಾರಿಸಲು ಹೇಳಿದೆ. ಗಡಿಯಾರ ಹಿಡಿದು ನಿಂತಿದ್ದೆ. ಇಪ್ಪತ್ತೆರಡು ನಿಮಿಷದಲ್ಲಿ ಅರುವತ್ತನಾಲ್ಕು ಜನ ಏದುಸಿರು ಬಿಡುತ್ತ ಗೇಟಿಗೆ ಬಂದರು. ಬಾರೆಹಳ್ಳಿಯ ಪಟೇಲ ಚನ್ನೇಗೌಡರಂತೂ ಅಂಗಿ ಇಲ್ಲದೆ ಬಂದಿದ್ದರು. ಕೆಲವರ ಕೈಯಲ್ಲಿ ಮಚ್ಚಿನ ಬದಲು ಈಟಿ ಇತ್ತು, ನಾಲ್ಕಾರು ನಾಯಿಗಳೂ ಬಂದಿದ್ದವು. ನಾನು ಅದನ್ನು ಕಂಡರೂ ಕಾಣಲಿಲ್ಲ. ಅರುವತ್ತನಾಲ್ಕು ಎನ್ನುವ ಲೆಕ್ಕದ ಸಂಭ್ರಮ ನನಗೆ. ಬಡಿತದ ಹೆಸರು ಸಮೇತ ಏರ್ಪಾಟನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಮೇಲಕ್ಕೆ ಕಳಿಸಿದೆ. ಮಂಜೂರಾಗಿ ಬಂತು. ಆ ವರ್ಷ ಇಲಾಖೆ ನನ್ನ ಮಾತಿಗೆ ಹೂಂ ಎಂದದ್ದು ಅದೊಂದಕ್ಕೇ.

1938ರ ಯುಗಾದಿ ಏಪ್ರಿಲ್ ಆರಂಭದಲ್ಲಿ ಬಂದಿತ್ತು. ಹಬ್ಬದ ದಿನವೂ ನಾನು ಚೌಕಿ ಬಿಟ್ಟು ಊರಿಗೆ ಹೋಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ, ಇಲಾಖೆಯ ದಿನದ ಡೈರಿ ಬರೆಯುತ್ತಿದ್ದಾಗ, ಗುಡ್ಡದ ನೆತ್ತಿಯಿಂದ ತಮಟೆ ಕೇಳಿಸಿತು. ಹೊರಗೆ ಬಂದು ನೋಡಿದರೆ ಪಡುವಣ ಇಳಿಜಾರಿನ ಮೇಲ್ಭಾಗದಲ್ಲಿ ಹೊಗೆ. ಮೂಡಣ ಗಾಳಿ ಬಲವಾಗಿ ಬೀಸುತ್ತಿತ್ತು, ಹೊಗೆಯೆಲ್ಲ ಕೊಪ್ಪಲಿನ ಕಡೆಗೆ ಬಾಗಿತ್ತು. ಬೆಂಕಿ ಗುಡ್ಡ ಹತ್ತುವಾಗ ಓಡುತ್ತದೆ, ಇಳಿಯುವಾಗ ನಿಧಾನ. ಗಾಳಿ ಅದನ್ನು ಕೆಳಕ್ಕೆ ನೂಕುತ್ತಿದ್ದರೂ ನಮಗೆ ಒಂದೂವರೆ ಗಂಟೆ ಸಿಗುತ್ತದೆ ಎಂದು ಅಂದಾಜು ಮಾಡಿದೆ. ಅರುವತ್ತು ಜನ ಬಂದರೆ ಗೋಮಾಳದಲ್ಲಿ ಪಟ್ಟಿ ಕೊಯ್ದು, ಅಲ್ಲಿಂದ ನಾವೇ ಎದುರು ಬೆಂಕಿ ಕೊಟ್ಟು, ಬರುವ ಬೆಂಕಿಗೆ ಹುಲ್ಲು ಸಿಗದಂತೆ ಮಾಡಿ ನಿಲ್ಲಿಸಬಹುದು. ಮೈಯಲ್ಲಿ ಒಂದು ಬಗೆಯ ಹುರುಪೇ ಬಂತೆನ್ನಿ. ಗಡಿಯಾರ ಹಿಡಿದು ಗೇಟಿನಲ್ಲಿ ನಿಂತೆ.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಒಂದು ನರಪಿಳ್ಳೆಯೂ ಬರಲಿಲ್ಲ. ನೆತ್ತಿಯ ಮೇಲೆ ಕಾಳಯ್ಯ ಉಸಿರು ಬಿಡದೆ ಬಾರಿಸುತ್ತಿದ್ದ. ಬಾರೆಹಳ್ಳಿಯ ಹೆಂಚುಗಳ ಮೇಲೆ ಒಲೆಯ ಹೊಗೆ ಆಡುತ್ತಿತ್ತು, ಮಸಾಲೆ ಅರೆಯುವ ಗುಂಡುಕಲ್ಲಿನ ಸದ್ದು ಗೇಟಿಗೇ ಕೇಳುತ್ತಿತ್ತು.

"ಎಲ್ಲಿ ಸತ್ತರು ಮುನಿಯಪ್ಪ ಇವರೆಲ್ಲ?" ಎಂದು ಕೂಗಿದೆ.

ಮುನಿಯಪ್ಪ ಹೇಳಿದ: "ಇವತ್ತು ಒಸ್ತೊಡ್ಕು ಅಲ್ವಾ ಸಾ..."

"ಹಬ್ಬ ನಿನ್ನೆಯೇ ಆಯಿತಲ್ಲಯ್ಯ! ಇನ್ನೂ ಇವರ ಒಬ್ಬಟ್ಟು ಮುಗಿದಿಲ್ಲವೇ?"

ಅವನು ಮತ್ತೆ ಬಾಯಿ ತೆಗೆದ, ನಾನು ಕೇಳಲಿಲ್ಲ. ಊರೊಳಕ್ಕೆ ಓಡಿದೆ. ಪಟೇಲರ ಮನೆಯ ಜಗುಲಿಯ ಮೇಲೆ ಅವರ ತಂದೆ, ಎಂಬತ್ತು ದಾಟಿದವರು, ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. ತಮಟೆ ಕೇಳುತ್ತಿಲ್ಲವೇ ಎಂದರೆ, "ಕೇಳ್ತಾದೆ ಸ್ವಾಮಿ, ಈ ಸಲ ಚೆನ್ನಾಗಿ ನಡೀತಾದೆ," ಎಂದು ಬೊಚ್ಚುಬಾಯಿ ತುಂಬ ನಕ್ಕರು. ಕೃತಘ್ನರು, ಸೋಮಾರಿಗಳು, ಇವರಿಗೋಸ್ಕರ ನಾನು ಹಬ್ಬ ಬಿಟ್ಟು ಇಲ್ಲಿ ಬಿದ್ದಿದ್ದೇನಲ್ಲ ಎಂದು ಹಲ್ಲು ಕಡಿದುಕೊಂಡು, ಯಾರಾದರೂ ಬಂದರೆ ಕಳಿಸೆಂದು ಮುನಿಯಪ್ಪನನ್ನು ಗೇಟಿನಲ್ಲಿ ಬಿಟ್ಟು ಕೊಪ್ಪಲಿಗೆ ಓಡಿದೆ.

ಕೊಪ್ಪಲಿನಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಹೆಂಗಸರು, ಮುದುಕರು, ಮಕ್ಕಳು ಗುಡ್ಡ ನೋಡುತ್ತ ಅಂಗಳದಲ್ಲಿ ನಿಂತಿದ್ದರು. ಮಕ್ಕಳನ್ನೂ ದನಗಳನ್ನೂ ಕೆರೆಯಂಗಳಕ್ಕೆ ಹೊಡೆಯಿರಿ ಎಂದೆ. ಕುಡುಗೋಲು ಹಿಡಿದು ಹನ್ನೊಂದು ಜನ ಹೆಂಗಸರು ನನ್ನ ಜೊತೆ ಗೋಮಾಳಕ್ಕೆ ಬಂದರು. ಕಾಳಯ್ಯನ ಹೆಂಡತಿಯೂ ಇದ್ದಳು. ಆ ತಾಯಂದಿರು ಆ ದಿನ ಹುಲ್ಲು ಕೊಯ್ದ ವೇಗವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಆದರೂ ಪಟ್ಟಿ ಬೇಕಾದದ್ದು ಮುನ್ನೂರು ಗಜ, ಮುಕ್ಕಾಲು ಗಂಟೆಯಲ್ಲಿ ಆದದ್ದು ಎಪ್ಪತ್ತು ಗಜ. ಬೆಂಕಿ ನಮ್ಮ ಫೈರ್ ಲೈನಿಗೆ ಬಂದು ಒಂದು ಗಳಿಗೆ ನಿಂತಿತು. ನಿಂತಿತಲ್ಲಪ್ಪ ಎಂದುಕೊಳ್ಳುವಷ್ಟರಲ್ಲಿ ಕಿಡಿ ಹಾರಿ ಗೋಮಾಳದ ಹುಲ್ಲು ಹತ್ತಿಕೊಂಡಿತು.

ಅಷ್ಟು ಹೊತ್ತೂ ಮೇಲೆ ತಮಟೆ ನಿಂತಿರಲಿಲ್ಲ. ನೆತ್ತಿಯ ಮೇಲೆ ನಿಂತವನಿಗೆ ತನ್ನ ಮನೆ ಅಂಗೈಯಷ್ಟು ನಿಚ್ಚಳವಾಗಿ ಕಾಣುತ್ತದೆ. ಬೆಂಕಿ ತನ್ನ ತಾಯಿ ಇರುವ ಕಡೆಗೆ ಇಳಿಯುತ್ತಿದ್ದುದನ್ನು ಅವನು ಗಂಟೆಗೂ ಹೆಚ್ಚು ಹೊತ್ತು ನೋಡುತ್ತ ಬಾರಿಸುತ್ತಿದ್ದ. ಇಳಿಯಕೂಡದು ಎಂದು ನಾನು ಹೇಳಿದ್ದೆನಲ್ಲ.

ಹನ್ನೆರಡೂ ನಲವತ್ತಕ್ಕೆ ಬಡಿತ ಸಟ್ಟನೆ ನಿಂತಿತು. ಆಮೇಲೆ ಬೇರೆಯೇ ಒಂದು ಬಡಿತ ಎದ್ದಿತು. ನಿಧಾನ, ಒಂದು ಭಾರವಾದ ಪೆಟ್ಟು, ತಡೆದು ಎರಡು ಸಣ್ಣ ಪೆಟ್ಟು, ಮತ್ತೆ ತಡೆ. ನನ್ನ ಪಕ್ಕದ ಹೆಂಗಸರ ಕುಡುಗೋಲುಗಳು ಹಾಗೇ ನಿಂತವು.

"ಅಯ್ಯೋ ಸಿವ್ನೇ, ಸಾವಿನ್ ಬಡತ! ವರ್ಸದ್ ಮೊದ್ಲಲ್ಲೇ ಯಾರ್ ಓದ್ರಪ್ಪಾ?" ಎಂದು ಒಬ್ಬಾಕೆ ಎದೆ ಮೇಲೆ ಕೈ ಇಟ್ಟುಕೊಂಡಳು.

ಹೆಣದ ಮುಂದೆ ಬಾರಿಸುವ ಬಡಿತ ಅದು. ಇವನಿಗೇನು ತಲೆ ಕೆಟ್ಟಿತೇ, ಮಂಜೂರಾದ ಸಿಗ್ನಲ್ ಬಿಟ್ಟು ಇದೇನು ಬಾರಿಸುತ್ತಿದ್ದಾನೆ ಎಂದು ನಾನು ಅಲ್ಲಿಂದಲೇ ಮೇಲಕ್ಕೆ ಬೈದೆ. ಆ ಹೊತ್ತಿನಲ್ಲೂ ನನಗೆ ಮಂಜೂರಾತಿಯದೇ ಚಿಂತೆ!

ಹದಿನೈದು ನಿಮಿಷ ಕಳೆದಿರಬಹುದು. ಗುಡ್ಡದ ತೆಂಕಣ ಹೆಗಲನ್ನು ಬಳಸಿಕೊಂಡು ಗಂಡಸರು ಓಡಿ ಬರುವುದು ಕಂಡಿತು. ಹತ್ತಲ್ಲ, ಇಪ್ಪತ್ತಲ್ಲ, ಬಾರೆಹಳ್ಳಿಯವರೂ ಕೊಪ್ಪಲಿನವರೂ ಸೇರಿ ಐವತ್ತಕ್ಕೂ ಮೇಲೆ. ಹೆಗಲ ಮೇಲೆ ಬಲೆ, ಕೈಯಲ್ಲಿ ಈಟಿ, ಹಿಂದೆ ನಾಯಿಗಳು. ಎಲ್ಲರಿಗೂ ಮುಂದೆ ಪಟೇಲ ಚನ್ನೇಗೌಡರು.

"ಯಾರ್ ಸ್ವಾಮಿ ಓದೋರು?" ಎಂದರು ಏದುಸಿರಿನಲ್ಲಿ.

"ಯಾರೂ ಇಲ್ಲ! ಇನ್ನೂ ಇಲ್ಲ! ಸೊಪ್ಪು ಮುರಿಯಿರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಬಲೆ, ಈಟಿ ಬಿಸಾಡಿ ಹಸಿ ಬಂದರೆ ಗಿಡದ ಸೊಪ್ಪು ಮುರಿದುಕೊಂಡು ಬೆಂಕಿಗೆ ಬಡಿದರು. ಅರ್ಧ ಜನ ಪಟ್ಟಿ ಮುಂದುವರಿಸಿದರು, ನಾನು ಎದುರು ಬೆಂಕಿ ಕೊಟ್ಟೆ. ಮೂರು ಗಂಟೆಯ ಹೊತ್ತಿಗೆ ಎಲ್ಲ ತಣ್ಣಗಾಯಿತು. ಹತ್ತೊಂಬತ್ತರಲ್ಲಿ ಹದಿಮೂರು ಮನೆ ಉಳಿದವು. ಪಟ್ಟಿ ಮುಟ್ಟದ ಕಡೆಯ ಆರು ಮನೆಗಳು ಬಣವೆ ಸಮೇತ ಹೋದವು. ಮೊದಲು ಹೋದದ್ದು ಕಾಳಯ್ಯನದು.

ಪುಟ್ಟಮ್ಮನನ್ನು ಎಲ್ಲರ ಜೊತೆ ಕೆರೆಯಂಗಳಕ್ಕೆ ಕಳಿಸಿದ್ದೆವು. ಹಸು ಕಟ್ಟಿದಲ್ಲೇ ಉಳಿದಿದೆ ಎಂದು ನೆನಪಾಗಿ ಆ ಮಂಡಿನೋವಿನ ಜೀವ ತೆವಳಿಕೊಂಡು ವಾಪಸು ಹೋಗಿದೆ. ಬೆಂಕಿ ಹತ್ತಿ ಉರಿಯುತ್ತಿದ್ದ ಕಣ್ಣಿ ಹಗ್ಗವನ್ನು ಬರಿಗೈಯಲ್ಲಿ ಬಿಚ್ಚಿದ್ದಾಳೆ. ಹಸು ಬದುಕಿತು, ಆಕೆಯೂ ಬದುಕಿದಳು. ನೆತ್ತಿಯಿಂದ ಇಳಿದು ಬಂದ ಕಾಳಯ್ಯ ತಾಯಿಯ ಎರಡೂ ಅಂಗೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಚರ್ಮ ಸುಲಿದು ಬಂದಿತ್ತು. ಗಾಡಿ ಕಟ್ಟಿಸಿ ಅರಕಲಗೂಡಿನ ಆಸ್ಪತ್ರೆಗೆ ಕಳಿಸಿದೆ.

ಗಾಡಿ ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಪಟೇಲರನ್ನು ಎಲ್ಲರ ಮುಂದೆಯೇ ಕೇಳಿದೆ:

"ಗೌಡರೇ, ಒಂದೂವರೆ ಗಂಟೆ ಆ ಮನುಷ್ಯ ಬಾರಿಸಿದ. ನಿಮಗೆ ಬಡಿತ ಕೇಳಿಸಲೇ ಇಲ್ಲವೇ?"

ಚನ್ನೇಗೌಡರು ತಲೆ ಎತ್ತಲಿಲ್ಲ. "ಕೇಳಿಸ್ತು ಸ್ವಾಮಿ. ಅದ್ಕೇ ಅಲ್ಲಾಡ್ದೆ ಕುಂತಿದ್ದೊ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ಊರಿನ ಗಂಡಸರೆಲ್ಲ ಬೇಟೆಗೆ ಹೋಗುವುದು, ಸಿಕ್ಕಿದ್ದನ್ನು ಮನೆಮನೆಗೂ ಹಂಚಿ ಉಣ್ಣುವುದು ತಲೆತಲಾಂತರದ ಕ್ರಮ. ಮೂಡಣ ಕೊರಕಲಿಗೆ ಅಡ್ಡಲಾಗಿ ಬಲೆ ಕಟ್ಟಿ ಒಂದಷ್ಟು ಜನ ಕೂರುತ್ತಾರೆ. ಮೇಲಿಂದ ತಮಟೆ ಬಡಿಯುತ್ತ ಪ್ರಾಣಿಗಳನ್ನು ಕೆಳಕ್ಕೆ ಓಡಿಸುತ್ತಾರೆ. ಮಿಕ್ಕ ದಿನಗಳಲ್ಲಿ ಆ ಬಡಿತ ಕೇಳಿದರೆ ಬನ್ನಿ ಎಂದು ಅರ್ಥ. ಬಲೆ ಕಟ್ಟಿ ಕೂತ ಮೇಲೆ ಅದೇ ಬಡಿತ ಕೇಳಿದರೆ ಬೇರೆ ಅರ್ಥ: ಪ್ರಾಣಿ ಎದ್ದಿದೆ, ಉಸಿರೆತ್ತಬೇಡಿ, ಇದ್ದಲ್ಲೇ ಇರಿ. ಹೊಗೆ ಗುಡ್ಡದ ಆಚೆ ಮಗ್ಗುಲಿಗೆ ಹೋಗುತ್ತಿದ್ದುದರಿಂದ ಕೊರಕಲಿನಲ್ಲಿದ್ದವರಿಗೆ ಅದು ಕಾಣಲಿಲ್ಲ. ಓಡಿಸುವವರದೇ ಬಡಿತವೆಂದುಕೊಂಡು, ಕಾಳಯ್ಯ ಜೋರಾಗಿ ಬಾರಿಸಿದಷ್ಟೂ ಅವರು ಇನ್ನಷ್ಟು ಅಲ್ಲಾಡದೆ ಕೂತರು. ಊರಿನಲ್ಲಿ ಹೆಂಗಸರು ಇನ್ನಷ್ಟು ಮಸಾಲೆ ಅರೆದರು. ಸಾವಿನ ಬಡಿತ ಒಂದಕ್ಕೆ ಮಾತ್ರ ಬಲೆ ಬಿಟ್ಟು ಏಳಬೇಕೆಂಬುದು ಅವರ ನಿಯಮ.

ನಮ್ಮ ಮನೆಯಲ್ಲಿ ಯುಗಾದಿಯ ಮಾರನೆಯ ದಿನವೆಂದರೆ ಹಿಂದಿನ ದಿನದ ಒಬ್ಬಟ್ಟನ್ನು ತುಪ್ಪದಲ್ಲಿ ಬಿಸಿ ಮಾಡಿ ತಿನ್ನುವ ದಿನ, ಅಷ್ಟೆ. ಹೊಸತೊಡಕು ಎಂಬ ಮಾತನ್ನು ಕೇಳಿದ್ದೆ, ಅದರ ಒಳಗು ಗೊತ್ತಿರಲಿಲ್ಲ. ಗೊತ್ತಿದ್ದವರು ನನಗೆ ಹೇಳುವಂತಿರಲಿಲ್ಲ. ಸರ್ಕಾರಿ ಕಾಡಿನಲ್ಲಿ ಬೇಟೆ ಅಪರಾಧ, ನಾನು ಅದಕ್ಕೆ ಕೇಸು ಹಾಕುವವನು. ಮುನಿಯಪ್ಪನಿಗೂ ಪ್ರತಿ ವರ್ಷ ಒಂದು ಪಾಲು ಹೋಗುತ್ತಿತ್ತಂತೆ. ಬೆಂಕಿ ಹಚ್ಚಿದವರು ಯಾರು ಎಂದು ಎರಡು ತಿಂಗಳು ವಿಚಾರಣೆ ಮಾಡಿದೆ. ಮೊಲ ಎಬ್ಬಿಸಲು ಹುಲ್ಲಿಗೆ ಇಟ್ಟದ್ದೋ, ಸೇದಿ ಎಸೆದ ಬೀಡಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಸಿಗ್ನಲ್ ಆರಿಸಿದ್ದು ನಾನು, ತಪ್ಪು ನನ್ನದು, ವಾಚರ್ ಸ್ವಂತ ಬುದ್ಧಿಯಿಂದ ಬಡಿತ ಬದಲಿಸದಿದ್ದರೆ ಹತ್ತೊಂಬತ್ತು ಮನೆಯೂ ಹೋಗುತ್ತಿತ್ತು ಎಂದು ಸ್ಪಷ್ಟವಾಗಿ ಬರೆದೆ. ಮೇಲಿನಿಂದ ಬಂದ ಪ್ರಶ್ನೆ ಒಂದೇ: ಮಂಜೂರಾದ ಸಿಗ್ನಲನ್ನು ಅನುಮತಿ ಇಲ್ಲದೆ ಬದಲಿಸಿದ್ದಕ್ಕೆ ವಾಚರನ ಸಮಜಾಯಿಷಿ ಏನು? ನನಗೆ ಮೈ ಉರಿದುಹೋಯಿತು. ಮತ್ತೊಮ್ಮೆ ಬರೆದೆ, ಮೂರನೆಯ ಸಲ ಬರೆದೆ. ಕೊನೆಗೆ ಆಗಸ್ಟಿನಲ್ಲಿ ಆರ್ಡರ್ ಬಂತು: ವಾಚರನಿಗೆ ಎಚ್ಚರಿಕೆ ಕೊಟ್ಟಿದೆ, ಇದನ್ನು ಅವನಿಗೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳತಕ್ಕದ್ದು. ನನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಗೋಮಾಳದ ಲೈನಿನ ಬಗ್ಗೆಯೂ ಒಂದಕ್ಷರ ಇರಲಿಲ್ಲ.

ಮಳೆ ಹಿಡಿದಿತ್ತು. ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಕೊಪ್ಪಲಿಗೆ ಹೋದೆ. ಕಾಳಯ್ಯ ಹೊಸ ಮನೆಗೆ ಹುಲ್ಲು ಹೊದಿಸುತ್ತಿದ್ದ, ಇಳಿದು ಬಂದ. ಪುಟ್ಟಮ್ಮ ಬಾಗಿಲಲ್ಲಿ ಕೂತಿದ್ದಳು. ಗಾಯ ಮಾಗಿತ್ತು, ಆದರೆ ಬೆರಳುಗಳು ಒಳಕ್ಕೆ ಮಡಿಚಿಕೊಂಡು ನಿಂತುಬಿಟ್ಟಿದ್ದವು.

"ಏನಂತ ಬರ್ದವ್ರೆ ಸಾ?"

ಓದಿ ಹೇಳಿದೆ. ಅವನು ಪೂರಾ ಕೇಳಿ, "ಓಗ್ಲಿ ಬಿಡಿ ಸಾ, ಬರೀ ಕಾಗ್ದ ತಾನೆ," ಎಂದು ಹೆಬ್ಬೆಟ್ಟು ಚಾಚಿದ. ನಾನು ಮಸಿ ತೆಗೆಯಲಿಲ್ಲ.

"ಕಾಳಯ್ಯ, ಅವತ್ತು ಚೌಕಿಯಲ್ಲಿ 'ಆದ್ರೆ ಸಾ' ಅಂದೆಯಲ್ಲ. ಆಮೇಲೆ ಏನು ಹೇಳುವವನಿದ್ದೆ?"

ಅವನು ಕಾಲ ಹೆಬ್ಬೆರಳಿನಲ್ಲಿ ನೆಲ ಕೆರೆದ.

"ಒಸ್ತೊಡ್ಕು ದಿನ ಮಾತ್ರ ಆ ಬಡತ ಬ್ಯಾಡ ಸಾ ಅನ್ನವ ಅಂತಿದ್ದೆ. ಅಷ್ಟೇಯ. ಯಾಕೆ ಅಂತ ನೀವು ಕೇಳ್ತಿದ್ರಿ. ಏಳುದ್ರೆ ಊರ್‌ನ ಇಡ್ಕೊಟ್ಟಂಗಾಯ್ತದೆ. ಆದ್ರೂ ಏಳ್ಬೇಕು ಅಂತ್ಲೇ ಬಾಯ್ ತೆಗ್ದೆ ಕನಿ."

ಪುಟ್ಟಮ್ಮ ಬಾಗಿಲಿಂದಲೇ ಕೇಳಿದಳು, "ಏನ್ಲಾ ಅದು, ಬುದ್ಯೋರು ಏನಂತಾರೆ?"

"ಏನಿಲ್ಲ ಕಣವ್ವ, ನೀ ಸುಮ್ಕಿರು," ಎಂದ ಕಾಳಯ್ಯ.

ಮುಂದಿನ ಬೆಂಕಿ ಕಾಲಕ್ಕೆ ಹಾಸನದ ರೈಲ್ವೆ ಕಡೆಯಿಂದ ಮೂರಡಿ ಉದ್ದದ ಒಂದು ಕಂಬಿ ತುಂಡು ತರಿಸಿ, ನೆತ್ತಿಯ ಬಂಡೆಯ ಪಕ್ಕದ ಮರಕ್ಕೆ ತೂಗುಹಾಕಿಸಿದೆ. ಅದಕ್ಕೆ ಸುತ್ತಿಗೆಯಿಂದ ಹೊಡೆದರೆ ಬರುವ ಸದ್ದಿಗೆ ಆ ಸೀಮೆಯಲ್ಲಿ ಯಾವ ಅರ್ಥವೂ ಇರಲಿಲ್ಲ. ಬೆಂಕಿ ಎನ್ನುವ ಅರ್ಥವನ್ನು ನಾವೇ ಕಲಿಸಿದೆವು. ಇದೂ ಕಾಳಯ್ಯನದೇ ಸಲಹೆ. ಗೋಮಾಳದ ಲೈನನ್ನು ಯಾರ ಅಪ್ಪಣೆಗೂ ಕಾಯದೆ ಕೊಪ್ಪಲಿನವರೇ ಡಿಸೆಂಬರಿನಲ್ಲಿ ಕೊಯ್ದು ಸುಟ್ಟರು. ನಾನು ನೋಡುತ್ತ ನಿಂತಿದ್ದೆ, ಡೈರಿಯಲ್ಲಿ ಬರೆಯಲಿಲ್ಲ. ಬಣವೆಗಳೂ ಆಚೆಗೆ ಹೋದವು. ನಾನು ಅಲ್ಲಿದ್ದ ಇನ್ನೂ ನಾಲ್ಕು ವರ್ಷ ಹೊಸತೊಡಕಿನ ದಿನ ಬೆಳಗಿನಿಂದ ಸಂಜೆಯವರೆಗೆ ಆ ಬಂಡೆಯ ಮೇಲೆ ಕಾಳಯ್ಯನ ಜೊತೆ ಕೂತು ಪಡುವಣ ದಿಕ್ಕನ್ನೇ ನೋಡುತ್ತಿದ್ದೆ. ಮೂಡಣ ಕೊರಕಲಿನಲ್ಲಿ ಏನು ನಡೆಯುತ್ತಿತ್ತೋ, ನನ್ನ ಕಣ್ಣಿಗೆ ಬೀಳಲಿಲ್ಲ.

ಮೂವತ್ತೊಂದು ವರ್ಷ ನೌಕರಿ ಮಾಡಿದೆ. ಬೆಂಕಿಯ ಬಗ್ಗೆ ಕೊಯಮತ್ತೂರಿನಲ್ಲಿ ಕಲಿತದ್ದರಲ್ಲಿ ಎಷ್ಟೋ ಮರೆತಿದ್ದೇನೆ. ಕಡವಿನಬಾರೆಯಲ್ಲಿ ಕಲಿತದ್ದು ಇಷ್ಟೆ: ಕೈಕೆಳಗಿನವನು 'ಆದ್ರೆ ಸಾ' ಎಂದಾಗ ಸುಮ್ಮನೆ ಕೂರಬೇಕು, ಅವನು ಮುಗಿಸುವವರೆಗೂ ಕೂರಬೇಕು, ಅವನಿಗೆ ಹೇಳಲು ಹೆದರಿಕೆ ಇದ್ದರೆ ಆ ಹೆದರಿಕೆ ಹುಟ್ಟಿಸಿದವನು ನಾನೇ ಎಂದು ತಿಳಿಯಬೇಕು. ಆ ಆರ್ಡರಿಗೆ ನಾನು ಹೆಬ್ಬೆಟ್ಟು ಹಾಕಿಸಿಕೊಳ್ಳಲಿಲ್ಲ. ಮೇಲಿನಿಂದ ಎರಡು ಸಲ ಜ್ಞಾಪನ ಪತ್ರ ಬಂತು, ಆಮೇಲೆ ಅವರೂ ಮರೆತರು. ಹಳದಿ ತಿರುಗಿದ ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಪುಟ್ಟಮ್ಮ ಇನ್ನೂ ಒಂಬತ್ತು ವರ್ಷ ಬದುಕಿದ್ದಳು, ಆ ಮನೆಯಲ್ಲಿ ಮುದ್ದೆ ಕಟ್ಟುವುದು ಸೊಸೆಯ ಪಾಲಿಗೆ ಬಂತು.